‘ನೀವು ಯಾರ ಪೈಕಿ ರೀ?’: ಗಣತಿಯ ಪ್ರಶ್ನೆ, ಬಸ್ಸಿನ ಪ್ರಶ್ನೆ, ಬಾಡಿಗೆ ಮನೆಯ ಪ್ರಶ್ನೆ

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಜೈಲಿನ ರಿಜಿಸ್ಟರುಗಳಲ್ಲಿ ಕೈದಿಯ ಜಾತಿ ಬರೆಯುವ ಕಾಲಂ ಇರಬಾರದು, ತೆಗೆಯಿರಿ ಎಂದಿತು. ಏಳು ತಿಂಗಳೂ ಕಳೆದಿರಲಿಲ್ಲ. 2025ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರ, ಮುಂದಿನ ಜನಗಣತಿಯಲ್ಲಿ ಎಲ್ಲರ ಜಾತಿಯನ್ನೂ ಬರೆದುಕೊಳ್ಳುತ್ತೇವೆ ಎಂದಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. ಮೇಷ್ಟ್ರುಗಳು ಮೊಬೈಲ್ ಹಿಡಿದು ಮನೆ ಮನೆಗೆ ಬಂದರು, ಜಾತಿಯೂ ಸೇರಿ 60 ಪ್ರಶ್ನೆ ಕೇಳಿದರು. ಮೂರೇ ದಿನಕ್ಕೆ, ಸೆಪ್ಟೆಂಬರ್ 25ರಂದು, ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು: ಸಮೀಕ್ಷೆ ನಡೆಯಲಿ, ಆದರೆ ಉತ್ತರ ಕೊಡಿ ಎಂದು ಯಾರನ್ನೂ ಒತ್ತಾಯ ಮಾಡಬೇಡಿ.

ಒಂದು ಕೈ ಕಾಲಂ ಅಳಿಸುತ್ತಿದೆ, ಇನ್ನೊಂದು ಕೈ ಕಾಲಂ ಬರೆಯುತ್ತಿದೆ. ಜಾತಿ ಕೇಳುವುದು ತಪ್ಪು ಎಂದು ಶಾಲೆಯಲ್ಲಿ ಹೇಳಿಕೊಟ್ಟ ಮೇಷ್ಟ್ರೇ ಮನೆಗೆ ಬಂದು ಜಾತಿ ಕೇಳಿದರೆ ಜನ ಏನಂತ ತಿಳಿದುಕೊಳ್ಳಬೇಕು? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಈ ಗೊಂದಲ ಇನ್ನೂ ಜಾಸ್ತಿ. ಇಲ್ಲಿ ಗುರುತಿಲ್ಲದವರ ಜೊತೆ ಮಾತು ಶುರುವಾಗುವುದೇ ‘ನೀವು ಯಾರ ಪೈಕಿ’ ಎಂಬಲ್ಲಿಂದ.

ಇದನ್ನು ಬಿಡಿಸಿಕೊಳ್ಳಲು ಕೇಳುವ ಮಾತಿಗಿಂತ, ಕೊಟ್ಟ ಉತ್ತರ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಜೈಲಿನ ತೀರ್ಪು ಕೂಡ ಅದನ್ನೇ ನೋಡಿದ್ದು. ಅಲ್ಲಿ ಜಾತಿ ನೋಡಿ ಒಬ್ಬರನ್ನು ಅಡುಗೆಗೆ, ಇನ್ನೊಬ್ಬರನ್ನು ಪಾಯಿಖಾನೆ ತೊಳೆಯಲು ಹಚ್ಚುವ ಪದ್ಧತಿ ಇತ್ತು. ಕಾಲಂನಲ್ಲಿ ಬರೆದ ಉತ್ತರ ನೇರವಾಗಿ ಪೊರಕೆಗೆ ಹೋಗುತ್ತಿತ್ತು.

ಕೇಳುವುದಕ್ಕೆ ಎಷ್ಟು ದಾರಿ

ಈ ಭಾಗದಲ್ಲಿ ‘ನಿಮ್ಮ ಜಾತಿ ಯಾವುದು’ ಎಂದು ಮುಖಕ್ಕೆ ಮುಖ ಕೊಟ್ಟು ಕೇಳುವವರು ಕಡಿಮೆ. ಅದು ಒರಟು ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಸುತ್ತಿ ಬಳಸಿ ಬರುತ್ತಾರೆ.

ಸಿರುಗುಪ್ಪದಿಂದ ಸಿಂಧನೂರಿಗೆ ಹೊರಟ ಬಸ್ಸನ್ನೇ ನೆನೆಸಿಕೊಳ್ಳಿ. ಪಕ್ಕದ ಸೀಟಿನ ಹಿರಿಯರು ಮೊದಲು ‘ಯಾವೂರಾತ್ರಿ?’ ಎನ್ನುತ್ತಾರೆ. ಊರು ಹೇಳಿದರೆ ‘ಅಲ್ಲಿ ಯಾವ ಓಣಿ?’ ಆಮೇಲೆ ‘ಯಾರ ಪೈಕಿ?’ ಆಮೇಲೆ ‘ಅಡ್ಡೆಸರು ಏನು?’ ಆಮೇಲೆ ‘ಮನೆದೇವರು ಯಾವುದು?’ ಅಷ್ಟಕ್ಕೂ ಗೊತ್ತಾಗದಿದ್ದರೆ ‘ಊಟಕ್ಕೆ ಎಲ್ಲಾ ನಡೀತದೇನ್ರಿ?’ ಬಳ್ಳಾರಿ ಪೇಟೆಯ ತೆಲುಗು ಮಾತಿನವರಾದರೆ ‘ಇಂಟಿ ಪೇರು’ ಕೇಳುತ್ತಾರೆ, ಅಂದರೆ ಮನೆತನದ ಹೆಸರು.

ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸಾದಾ ಪ್ರಶ್ನೆಗಳೇ. ಆದರೆ ನಮ್ಮ ಹಳ್ಳಿಗಳಲ್ಲಿ ಓಣಿ ಗೊತ್ತಾದರೆ ಜಾತಿ ಗೊತ್ತಾದಂತೆ. ಮನೆದೇವರು ಗೊತ್ತಾದರೆ ಮುಕ್ಕಾಲು ಗೊತ್ತಾದಂತೆ. ಸುತ್ತಿ ಕೇಳುವುದರಲ್ಲಿ ಕೇಳುವವರಿಗೆ ಒಂದು ಅನುಕೂಲ ಇದೆ. ಎದುರಿನವರು ಮುಖ ಸಣ್ಣ ಮಾಡಿಕೊಂಡರೆ ‘ಸುಮ್ನೆ ಊರು ಕೇಳಿದೆ, ಅದಕ್ಯಾಕೆ ಬ್ಯಾಸರ’ ಎಂದುಬಿಡಬಹುದು. ಕೇಳಿಸಿಕೊಂಡವರಿಗೆ ಬೇಜಾರಾಗಲೂ ಜಾಗ ಉಳಿಯುವುದಿಲ್ಲ.

ಹಾಗಂತ ಹಿರಿಯರ ಮನಸ್ಸಿನಲ್ಲಿ ಕೆಟ್ಟದ್ದೇ ಇರುತ್ತದೆ ಎನ್ನುವುದು ಸರಿಯಲ್ಲ. ಅವರಿಗೆ ಇದು ಮಾತಿಗೆ ದಾರಿ. ‘ನಮ್ಮ ತಂಗೀನ ಅದೇ ಊರಿಗೆ ಕೊಟ್ಟೀವಿ’ ಎಂಬ ಮಾತು ಹುಟ್ಟುವುದು ಅಲ್ಲಿಂದಲೇ. ಬೀಗರು ಸಿಗುತ್ತಾರೆ, ಹಳೆಯ ಗುರುತು ಸಿಗುತ್ತದೆ, ಒಮ್ಮೊಮ್ಮೆ ಆಸ್ಪತ್ರೆಗೆ ಹೋದಾಗ ಉಳಿಯಲು ಒಂದು ಮನೆಯೂ ಸಿಗುತ್ತದೆ. ಈ ಸಂಬಂಧ ಹುಡುಕುವ ಗುಣವನ್ನು ಹಗುರ ಮಾಡಬಾರದು.

ಆದರೆ ಬಸ್ಸಿನಲ್ಲಿ ಇನ್ನೊಂದನ್ನೂ ನೋಡಬೇಕು. ಒಬ್ಬರ ಕೈಯಲ್ಲಿ ಹುರಿದ ಶೇಂಗಾದ ಪೊಟ್ಟಣ ಇದೆ. ‘ತಗೋರಿ’ ಎಂದು ಪಕ್ಕದವರ ಮುಂದೆ ಹಿಡಿಯುತ್ತಾರೆ. ಪಕ್ಕದವರು ನಾಲ್ಕು ಕಾಳು ತೆಗೆದುಕೊಂಡು, ಸಿಪ್ಪೆ ಉಜ್ಜುತ್ತಾ ‘ಯಾರ ಪೈಕಿ’ ಎಂದು ಕೇಳುತ್ತಾರೆ. ಉತ್ತರ ಬರುತ್ತದೆ. ಪೊಟ್ಟಣ ಎರಡನೇ ಸಲ ಮುಂದೆ ಬಂದಾಗ ‘ಸಾಕ್ರಿ, ಹೊಟ್ಟಿ ತುಂಬೈತಿ’ ಎಂದು ಕಿಟಕಿ ಕಡೆ ತಿರುಗುತ್ತಾರೆ. ಯಾರೂ ಬೈದಿಲ್ಲ. ಪೊಲೀಸರಿಗೆ ಹೇಳುವಂಥದ್ದು ಏನೂ ನಡೆದಿಲ್ಲ. ಆದರೂ ಶೇಂಗಾ ಹಿಡಿದವರಿಗೆ ಉತ್ತರ ಎಲ್ಲಿಗೆ ಹೋಯಿತು ಎಂದು ಚೆನ್ನಾಗಿ ಗೊತ್ತಾಗಿದೆ.

ಅಡ್ಡೆಸರು ನೋಡಿ ಊಹಿಸಿದರೆ

ಕೇಳದೆ ಊಹಿಸಿದರೆ ಮರ್ಯಾದೆ ಉಳಿಯುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಊಹೆಯೂ ಕೆಡುತ್ತದೆ. ‘ನಾಯಕ’ ಎಂಬ ಒಂದು ಹೆಸರು ತಗೊಳ್ಳಿ. ಬಳ್ಳಾರಿ, ರಾಯಚೂರಿನಲ್ಲಿ ಅದು ಹೆಚ್ಚಾಗಿ ವಾಲ್ಮೀಕಿ ಸಮುದಾಯದವರದು, ಪರಿಶಿಷ್ಟ ಪಂಗಡ. ತಾಂಡಾಗಳಲ್ಲಿ ಅದೇ ಹೆಸರು ಲಂಬಾಣಿಗಳದು, ಪರಿಶಿಷ್ಟ ಜಾತಿ. ಕರಾವಳಿಗೆ ಹೋದರೆ ಗೌಡ ಸಾರಸ್ವತ ಬ್ರಾಹ್ಮಣರಲ್ಲೂ ನಾಯಕ್ ಇದ್ದಾರೆ. ಪಾಟೀಲ, ದೇಸಾಯಿ ಎಂಬವು ಹಿಂದೆ ಹುದ್ದೆಯ ಹೆಸರು. ಲಿಂಗಾಯತರಲ್ಲೂ ಪಾಟೀಲರಿದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ, ಜೈನರಲ್ಲೂ ಇದ್ದಾರೆ. ಇಂಥ ಊರುಗಳಲ್ಲಿ ಹೆಸರು ನೋಡಿ ನಡೆದುಕೊಳ್ಳುವವರು ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಮಾಡುತ್ತಾರೆ.

ಸರ್ಕಾರಕ್ಕೆ ಯಾಕೆ ಬೇಕು

ಈ ದೇಶದಲ್ಲಿ ಎಲ್ಲಾ ಜಾತಿಗಳನ್ನೂ ಎಣಿಸಿ, ಅಂಕಿ ಹೊರಗೆ ಬಿಟ್ಟ ಕೊನೆಯ ಜನಗಣತಿ 1931ರದು. 1951ರಿಂದ ಈಚೆಗೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರನ್ನು ಮಾತ್ರ ಬೇರೆಯಾಗಿ ಎಣಿಸುತ್ತಾ ಬಂದಿದ್ದಾರೆ.

ಎಣಿಕೆಯಿಂದ ಏನಾಗುತ್ತದೆ ಎಂಬುದು ಈ ಜಿಲ್ಲೆಗಳಲ್ಲೇ ಕಣ್ಣಿಗೆ ಕಾಣುತ್ತದೆ. ಈಗಿನ ಬಳ್ಳಾರಿ ಜಿಲ್ಲೆಯಲ್ಲಿ 5 ವಿಧಾನಸಭಾ ಕ್ಷೇತ್ರಗಳಿವೆ. ಕಂಪ್ಲಿ, ಸಿರುಗುಪ್ಪ, ಸಂಡೂರು, ಬಳ್ಳಾರಿ ಗ್ರಾಮೀಣ, ಈ ನಾಲ್ಕೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ರಾಯಚೂರು ಜಿಲ್ಲೆಯ 7ರಲ್ಲಿ ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ ಕೂಡ ಹಾಗೆಯೇ. ಎಣಿಸಿದ್ದರಿಂದ ಸೀಟು ಬಂತು. ಎಣಿಸದಿದ್ದರೆ ಕೇಳಲು ಆಧಾರವೇ ಇರುತ್ತಿರಲಿಲ್ಲ.

ಹೆಸರು ಸರಿಯಾಗಿ ಬರೆಸುವುದೂ ಅಷ್ಟೇ ಮುಖ್ಯ. ಬೇಡ, ವಾಲ್ಮೀಕಿ ಎಂಬ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರ ತಿದ್ದುಪಡಿಯಲ್ಲಿ. ತಳವಾರ, ಪರಿವಾರ ಸೇರಿದ್ದು 2020ರಲ್ಲಿ. ಅಲ್ಲಿಯವರೆಗೆ ಮನೆಯಲ್ಲಿ ಒಂದು ಹೆಸರು, ಕಾಗದದಲ್ಲಿ ಇನ್ನೊಂದು ಹೆಸರು ಇದ್ದವರು ಸರ್ಟಿಫಿಕೇಟಿಗಾಗಿ ತಹಶೀಲ್ದಾರ್ ಕಚೇರಿಗೆ ಅಲೆಯಬೇಕಾಗಿತ್ತು.

ಒಳಮೀಸಲಾತಿಯಲ್ಲೂ, ಅಂದರೆ ಪರಿಶಿಷ್ಟ ಜಾತಿಯ ಮೀಸಲನ್ನು ಒಳಗಿನ ಗುಂಪುಗಳಿಗೆ ಹಂಚುವುದರಲ್ಲೂ, ಇದೇ ಕಗ್ಗಂಟು. ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿಗಳಿವೆ. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರ ಮೇ ತಿಂಗಳಲ್ಲಿ ಮನೆ ಮನೆ ಸಮೀಕ್ಷೆ ಶುರು ಮಾಡಿತು. ಬಹಳ ಜನ ಕಾಗದದಲ್ಲಿ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಎಂದಷ್ಟೇ ಬರೆಸಿಕೊಂಡಿದ್ದರು. ಆ ಹೆಸರುಗಳನ್ನು ಮಾದಿಗರೂ ಬರೆಸಿದ್ದರು, ಹೊಲೆಯರೂ ಬರೆಸಿದ್ದರು. ಹಾಗಾಗಿ ‘ಅದರೊಳಗೆ ಯಾವುದು?’ ಎಂದು ಇನ್ನೊಮ್ಮೆ ಕೇಳಲೇಬೇಕಾಯಿತು. ಆಗಸ್ಟ್ 19ರಂದು ಸಂಪುಟ 17 ಪರ್ಸೆಂಟ್ ಮೀಸಲನ್ನು ಮೂರು ಗುಂಪುಗಳಿಗೆ 6, 6, 5 ಎಂದು ಹಂಚುವ ತೀರ್ಮಾನ ಮಾಡಿತು. ಬಾಯಿಬಿಟ್ಟು ಹೇಳಲು ಸಂಕೋಚಪಟ್ಟ ಹೆಸರೇ ಪಾಲು ಕೊಡಿಸುವ ಹೆಸರೂ ಆಯಿತು.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ರಾಜ್ಯದ ಸಮೀಕ್ಷೆಗೆ ಉತ್ತರ ಕೊಡುವುದು ಬಿಡುವುದು ನಿಮ್ಮ ಇಷ್ಟವಾಗಿತ್ತು, ಹೈಕೋರ್ಟ್ ಹೇಳಿದ್ದು ಅದನ್ನೇ. ಕೇಂದ್ರದ ಜನಗಣತಿ ಹಾಗಲ್ಲ. ಅದು 1948ರ ಜನಗಣತಿ ಕಾಯ್ದೆಯ ಕೆಳಗೆ ನಡೆಯುತ್ತದೆ. ತಮಗೆ ತಿಳಿದ ಮಟ್ಟಿಗೆ ಉತ್ತರ ಕೊಡುವುದು ಅಲ್ಲಿ ಕಡ್ಡಾಯ. ಎರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಗುಟ್ಟು ಉಳಿಯಬೇಕಾದದ್ದು ಕಟ್ಟೆಯ ಮೇಲೆ

ಜನಗಣತಿಯಲ್ಲಿ ಕೊಟ್ಟ ಉತ್ತರವನ್ನು ಹೊರಗಿನವರು ತೆಗೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ಅದೇ ಕಾಯ್ದೆಯ 15ನೇ ಸೆಕ್ಷನ್ ಹಾಗೆ ಹೇಳುತ್ತದೆ. ಒಳ್ಳೆಯ ರಕ್ಷಣೆಯೇ. ಆದರೆ ಆ ಸೆಕ್ಷನ್ ಕಾಪಾಡುವುದು ಕಾಗದವನ್ನು. ಕಾಗದಕ್ಕೆ ಹೋಗುವ ಮೊದಲು ಉತ್ತರ ಬಾಯಿಂದ ಹೊರಗೆ ಬರಬೇಕಲ್ಲ, ಅದು ಬರುವುದು ಮನೆ ಮುಂದಿನ ಕಟ್ಟೆಯ ಮೇಲೆ.

ಗಣತಿಯವರು ಕಟ್ಟೆಗೆ ಕೂರುತ್ತಾರೆ. ಒಳಗಿನಿಂದ ತಂಬಿಗೆಯಲ್ಲಿ ನೀರು ಬರುತ್ತದೆ. ಎದುರು ಮನೆಯವರು ‘ಏನ್ ಬರಕೊಳ್ಳಾಕತ್ತೀರಿ ಸರ’ ಎಂದು ಬಂದು ನಿಲ್ಲುತ್ತಾರೆ. ನಾಲ್ಕು ಹುಡುಗರು ಮೊಬೈಲಿಗೆ ಇಣುಕುತ್ತಾರೆ. ಜಾತಿಯ ಪ್ರಶ್ನೆ ಬಂದಾಗ ಮನೆಯ ಹೆಂಗಸು ಸ್ವಲ್ಪ ತಡೆಯುತ್ತಾರೆ. ಅಷ್ಟರಲ್ಲಿ ಎದುರು ಮನೆಯವರೇ ‘ಅವರು ಇಂಥವರು, ಬರಕೋರಿ’ ಎಂದುಬಿಡುತ್ತಾರೆ. ಬೇರೆ ಬೇರೆ ಜಾತಿಯ ಗಂಡ ಹೆಂಡತಿ ಇರುವ ಮನೆ, ಊರು ಬಿಟ್ಟು ಬಂದು ತಮ್ಮ ಹೆಸರು ಯಾರಿಗೂ ಹೇಳದೆ ಬದುಕು ಕಟ್ಟಿಕೊಂಡ ಮನೆ, ಇವರಿಗೆಲ್ಲಾ ಆ ಒಂದು ನಿಮಿಷ ಬಹಳ ಭಾರ.

ಜಾತಿಗಿಂತ ಭಾರವಾದ ಪ್ರಶ್ನೆಯೂ ಈ ಜಿಲ್ಲೆಗಳಲ್ಲಿದೆ. 1982ರಲ್ಲೇ ದೇವದಾಸಿ ಪದ್ಧತಿಗೆ ನಿಷೇಧದ ಕಾಯ್ದೆ ಬಂದರೂ, ಆ ಪದ್ಧತಿಗೆ ಸಿಕ್ಕ ತಾಯಂದಿರು ಕೊಪ್ಪಳ, ರಾಯಚೂರು, ಬಳ್ಳಾರಿಯ ಹಳ್ಳಿಗಳಲ್ಲಿ ಇದ್ದಾರೆ. ಅವರ ಮಕ್ಕಳನ್ನು ನಾಲ್ಕು ಜನರ ಮುಂದೆ ‘ತಂದೆ ಹೆಸರು?’ ಎಂದು ಕೇಳುವುದು ಯಾವ ಮರ್ಯಾದೆ?

ಪ್ರಶ್ನೆಗೂ ಒಂದು ಮರ್ಯಾದೆ ಬೇಕು ಎಂಬುದು ಕಾಯ್ದೆ ಬರೆದವರಿಗೂ ಗೊತ್ತಿತ್ತು. ಉತ್ತರ ಕಡ್ಡಾಯ ಎನ್ನುವ 8ನೇ ಸೆಕ್ಷನ್ನಿನಲ್ಲೇ ಒಂದು ವಿನಾಯಿತಿ ಇದೆ. ಪದ್ಧತಿ ಪ್ರಕಾರ ಗಂಡನ ಹೆಸರು ಹೇಳಬಾರದು ಎಂದಿದ್ದರೆ, ಹೆಂಗಸು ಆ ಹೆಸರು ಹೇಳಲೇಬೇಕೆಂದಿಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಬೆನ್ನು ಹತ್ತಿದ ಮೇಲೆ ಒಡಪು, ಅಂದರೆ ಪ್ರಾಸದ ಸಾಲು, ಕಟ್ಟಿ, ನಾಚುತ್ತಾ ಗಂಡನ ಹೆಸರು ಹೇಳುವುದನ್ನು ನೋಡಿದವರಿಗೆ ಈ ವಿನಾಯಿತಿ ತಕ್ಷಣ ಅರ್ಥವಾಗುತ್ತದೆ. ಬಾಯಿಗೆ ಬಾರದ ಮಾತನ್ನು ಎಳೆದು ತೆಗೆಯಬಾರದು ಎಂದು 1948ರಲ್ಲೇ ಒಪ್ಪಿಕೊಂಡಿದ್ದಾರೆ. ಜಾತಿಯ ಕಾಲಂ ತುಂಬುವಾಗಲೂ ಅದೇ ಸೂಕ್ಷ್ಮ ಬೇಕು. ‘ಒಳಗೆ ಕೂತು ಬರೆಯೋಣ್ರಿ’ ಎಂದು ಗಣತಿಯವರು ಎದ್ದರೆ ಅರ್ಧ ಕೆಲಸ ಆಗುತ್ತದೆ. ಎದುರು ಮನೆಯವರು ತಾವಾಗಿಯೇ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಇನ್ನರ್ಧ.

ಬಾಡಿಗೆ ಮನೆಯ ಬಾಗಿಲಲ್ಲಿ

ಉತ್ತರದಿಂದ ಜಾಸ್ತಿ ನಷ್ಟ ಆಗುವ ಜಾಗ ಇದು. ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ‘ಮನೆ ಬಾಡಿಗೆಗೆ ಇದೆ’ ಬೋರ್ಡ್ ನೋಡಿ ಒಬ್ಬ ಹುಡುಗ ಗೇಟು ಬಡಿಯುತ್ತಾನೆ. ಹೊಸದಾಗಿ ನೌಕರಿ ಸಿಕ್ಕಿದೆ. ಮಾಲೀಕರು ಕೀ ಹಿಡಿದೇ ಹೊರಗೆ ಬರುತ್ತಾರೆ. ನಲ್ಲಿ ತೋರಿಸುತ್ತಾರೆ, ಅಡ್ವಾನ್ಸ್ ಹೇಳುತ್ತಾರೆ, ನೀರು ಎರಡು ದಿನಕ್ಕೊಮ್ಮೆ ಎನ್ನುತ್ತಾರೆ. ಎಲ್ಲಾ ಹೊಂದಿದ ಮೇಲೆ ‘ತಮ್ಮಾ, ನಿಮ್ಮ ಮಂದಿ ಯಾರಪ್ಪಾ?’ ಎಂದು ಕೇಳುತ್ತಾರೆ. ಹುಡುಗ ಹೇಳುತ್ತಾನೆ. ಕೀ ಮತ್ತೆ ಸೊಂಟಕ್ಕೆ ಹೋಗುತ್ತದೆ. ‘ನಮ್ಮ ಅಳಿಯ ಬರ್ತೀನಿ ಅಂದಾನ, ಅವನ್ನ ಕೇಳಿ ಹೇಳ್ತೀನಿ.’ ಬೋರ್ಡ್ ಮಾತ್ರ ವಾರ ಕಳೆದರೂ ಅಲ್ಲೇ ಇರುತ್ತದೆ.

ಬಸ್ಸಿನ ಹಿರಿಯರ ಕೈಯಲ್ಲಿ ಶೇಂಗಾ ಕಾಳು ಇತ್ತು. ಇವರ ಕೈಯಲ್ಲಿ ಕೀ ಇದೆ. ಅದಕ್ಕೇ ಒಂದೇ ಪ್ರಶ್ನೆ ಇಲ್ಲಿ ಇಷ್ಟು ಚುಚ್ಚುತ್ತದೆ. ಕೆಲವರು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬೋರ್ಡಿಗೇ ಬರೆಸಿ ಪ್ರಶ್ನೆ ಕೇಳುವ ಕಷ್ಟ ತಪ್ಪಿಸಿಕೊಳ್ಳುತ್ತಾರೆ. ಅಡುಗೆ ಮನೆಯ ವಾಸನೆಯ ಚಿಂತೆ ನಿಜವಾಗಿ ಇರುವವರೂ ಇದ್ದಾರೆ, ಒಪ್ಪೋಣ. ಆದರೆ ‘ನಾನು ಮಾಂಸ ತಿನ್ನುವುದಿಲ್ಲ’ ಎಂದ ದಲಿತ ಹುಡುಗನಿಗೂ, ಮುಸ್ಲಿಂ ಹುಡುಗನಿಗೂ ಕೀ ಸಿಗದೇ ಹೋದರೆ ಆ ಬೋರ್ಡ್ ಯಾವ ಊಟದ ಬಗ್ಗೆ ಬರೆದದ್ದು?

ಕಾನೂನಿನ ಮಾತು ಹೇಳುವುದಾದರೆ, ಜಾತಿ ಕೇಳಿದ್ದೇ ಅಪರಾಧ ಆಗುವುದಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಅಂಗಡಿ, ಹೋಟೆಲಿನಂಥ ಕಡೆ ಜಾತಿಯ ಕಾರಣಕ್ಕೆ ತಡೆಯಬಾರದು ಎಂದು 15ನೇ ವಿಧಿ ಹೇಳುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆ ನಾಲ್ಕು ಜನರ ಮುಂದೆ ಜಾತಿ ಹಿಡಿದು ಅವಮಾನ ಮಾಡುವುದನ್ನು, ಬಹಿಷ್ಕಾರ ಹಾಕುವುದನ್ನು ಅಪರಾಧ ಎಂದಿದೆ. ಆದರೆ ‘ಅಳಿಯ ಬರ್ತಾನೆ’ ಎಂಬ ಮಾತನ್ನು ಹಿಡಿಯುವುದು ಯಾವ ಕಾಯ್ದೆಗೂ ಕಷ್ಟ.

ಉತ್ತರ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಗಂಗಾವತಿ ತಾಲ್ಲೂಕಿನ ಮರಕುಂಬಿ ಇದೆ. ಅಲ್ಲಿ ದಲಿತರಿಗೆ ಕ್ಷೌರದಂಗಡಿ, ಹೋಟೆಲಿಗೆ ಪ್ರವೇಶ ಇಲ್ಲ ಎಂಬ ವಿಷಯದಿಂದ ಬೆಳೆದ ಜಗಳ 2014ರ ಆಗಸ್ಟ್‌ನಲ್ಲಿ ದಲಿತರ ಕೇರಿಯ ಮೇಲಿನ ದಾಳಿಯಾಯಿತು, ಗುಡಿಸಲುಗಳು ಸುಟ್ಟವು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಕ್ಷೌರದ ಕುರ್ಚಿಗೆ ಕೂರುವ ಮೊದಲು ‘ಯಾರ ಪೈಕಿ’ ಎಂದು ನೋಡುವ ಊರಿನಲ್ಲಿ ಆ ಪ್ರಶ್ನೆ ಬರೀ ಮಾತಾಗಿ ಉಳಿಯುವುದಿಲ್ಲ.

‘ಅಲ್ಲ, ಮೂಲ ಎಲ್ಲಿ?’

ಜಾತಿಯಷ್ಟೇ ಅಲ್ಲ, ಇಲ್ಲಿ ಎಲ್ಲಿಂದ ಬಂದವರು ಎಂಬ ಪ್ರಶ್ನೆಯೂ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಇಲ್ಲಿ ಜಮೀನು ಕೊಂಡು ನೆಲೆಸಿದರು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಸುತ್ತ ಅವರ ಕ್ಯಾಂಪುಗಳಾದವು. ಗಂಗಾವತಿ ಬಳಿಯ ಶ್ರೀರಾಮನಗರ ಅಂಥದ್ದೇ ಊರು. ಭತ್ತದ ನಾಡಾಗಿ ಈ ಸೀಮೆ ಬೆಳೆದದ್ದರಲ್ಲಿ ಅವರ ಬೆವರೂ ಇದೆ. ಇಲ್ಲೇ ಹುಟ್ಟಿ, ಇಲ್ಲೇ ಓದಿದ ಮೊಮ್ಮಕ್ಕಳಿಗೆ ಇವತ್ತಿಗೂ ‘ಕ್ಯಾಂಪಿನವರಾ?’ ಎಂಬ ಪ್ರಶ್ನೆ ತಪ್ಪಿಲ್ಲ.

ಸಿಂಧನೂರು ಬಳಿಯ ಆರ್.ಎಚ್. ಕ್ಯಾಂಪುಗಳಲ್ಲಿ, 1971ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿವೆ. ಅವರಲ್ಲಿ ಬಹಳ ಜನ ನಾಮಶೂದ್ರರು. ಆ ಜಾತಿ ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಪಟ್ಟಿಯಲ್ಲಿದೆ, ಕರ್ನಾಟಕದ ಪಟ್ಟಿಯಲ್ಲಿಲ್ಲ. ಈಗ ‘ಬಾಂಗ್ಲಾದೇಶದವರು’ ಎಂಬ ಮಾತು ಸುದ್ದಿಯಲ್ಲಿ ಬಂದಾಗೆಲ್ಲ ಇವರ ಮಕ್ಕಳಿಗೆ ಪೇಟೆಯಲ್ಲಿ ಪ್ರಶ್ನೆ ಶುರುವಾಗುತ್ತದೆ. ‘ಎಲ್ಲಿಯವರು?’ ‘ಸಿಂಧನೂರು.’ ‘ಅಲ್ಲ, ಮೂಲ ಎಲ್ಲಿ?’

ಮೊದಲ ಪ್ರಶ್ನೆಯಲ್ಲಿ ಪರಿಚಯ ಇದೆ. ಎರಡನೆಯದರಲ್ಲಿ ‘ನಿನ್ನ ಉತ್ತರ ನಾನು ಒಪ್ಪಲಿಲ್ಲ’ ಎಂಬ ಅರ್ಥ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಗಂಗಾವತಿಯ ರೈಸ್ ಮಿಲ್ಲುಗಳಿಗೆ ಉತ್ತರದ ರಾಜ್ಯಗಳಿಂದ ದುಡಿಯಲು ಬಂದವರೂ ದಿನಾ ಇದನ್ನು ಕೇಳಿಸಿಕೊಳ್ಳುತ್ತಾರೆ. ಒಂದು ಸಲ ಊರು ಹೇಳಿದ ಮೇಲೆ ಅದನ್ನು ನಂಬುವುದು, ಅಲ್ಲಿಗೆ ನಿಲ್ಲಿಸುವುದು ದೊಡ್ಡ ಸೌಜನ್ಯ.

ವಾದಗಳು ಎಲ್ಲಿ ಸೇರುತ್ತವೆ, ಎಲ್ಲಿ ಬಿಡುತ್ತವೆ

ಜಾತಿಯನ್ನು ಯಾರೂ ಎಲ್ಲೂ ಕೇಳಬಾರದು, ಕೇಳಿದಷ್ಟೂ ಅದು ಬೆಳೆಯುತ್ತದೆ ಎನ್ನುವವರಿದ್ದಾರೆ. ಆಸೆ ಒಳ್ಳೆಯದೇ. ಆದರೆ ಲೆಕ್ಕ ನಿಂತರೆ ಪಾಲು ಸಿಗದವರ ಸಂಖ್ಯೆಯೇ ಕಣ್ಣಿಂದ ಮರೆಯಾಗುತ್ತದೆ, ಬಾಡಿಗೆ ಮನೆಯ ಕೀ ಮಾತ್ರ ಸೊಂಟದಲ್ಲೇ ಇರುತ್ತದೆ. ಹೇಳಿಕೊಳ್ಳಲು ನಾಚಿಕೆ ಯಾಕೆ, ಹೆಮ್ಮೆಯಿಂದ ಹೇಳಿ ಎನ್ನುವವರೂ ಇದ್ದಾರೆ. ಆಟೋದ ಹಿಂದೆ, ಬೈಕಿನ ನಂಬರ್ ಪ್ಲೇಟಿನ ಮೇಲೆ ಸಮುದಾಯದ ಹೆಸರು ಬರೆಸುವ ಹುಡುಗರು ಆ ಸಾಲಿನವರು. ತುಳಿಸಿಕೊಂಡವರು ತಮ್ಮ ಹೆಸರನ್ನು ತಲೆ ಎತ್ತಿ ಹೇಳುವುದು ಸಣ್ಣ ಮಾತಲ್ಲ. ಆದರೆ ತಾನಾಗಿ ಹೇಳುವುದು ಬೇರೆ, ಇನ್ನೊಬ್ಬರು ಹೇಳಿಸುವುದು ಬೇರೆ.

ನಯವಾಗಿ ಕಾಣುವ ಒಂದು ಸಲಹೆಯೂ ಓಡಾಡುತ್ತಿದೆ: ಮೊದಲು ನಮ್ಮದು ಹೇಳಿ, ಆಮೇಲೆ ಅವರದು ಕೇಳಿದರೆ ತಪ್ಪಿಲ್ಲ ಎಂದು. ಇದು ಸರಿಯಾಗಿ ಕೂರುವುದಿಲ್ಲ. ಮೇಲೆ ಕೂತವರಿಗೆ ತಮ್ಮದನ್ನು ಹೇಳಲು ಏನೂ ಖರ್ಚಿಲ್ಲ. ಅವರು ಹೇಳಿದ ಕೂಡಲೇ ಎದುರಿನವರಿಗೆ ಹೇಳದೆ ಇರಲು ದಾರಿ ಮುಚ್ಚುತ್ತದೆ.

ಮುಂದೆ ಏನಾಗಬಹುದು

ಜಾತಿಯ ಕಾಲಂ ಇರುವ ಗಣತಿ ಬಹುತೇಕ ಕಡೆ 2027ರ ಫೆಬ್ರವರಿಗೆ ಗೊತ್ತಾಗಿದೆ. ಲೆಕ್ಕಕ್ಕೆ ಹಿಡಿಯುವ ದಿನ ಮಾರ್ಚ್ 1. ಈ ಸಲ ಮನೆಯವರೇ ಆನ್‌ಲೈನಿನಲ್ಲಿ ತುಂಬುವ ಅವಕಾಶ ಇದೆ. ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಹೇಳಲು ಹಿಂಜರಿಯುವವರಿಗೆ ಇದು ದೊಡ್ಡ ಅನುಕೂಲ. ಆದರೆ ಮನೆಯಲ್ಲಿ ಫೋನ್ ಒಬ್ಬರ ಕೈಯಲ್ಲಿ ಮಾತ್ರ ಇದ್ದರೆ, ಅಥವಾ ತುಂಬಿಸಿಕೊಡಲು ಪೇಟೆಯ ಸೈಬರ್ ಅಂಗಡಿಗೆ ಹೋಗಬೇಕಾದರೆ, ಕಟ್ಟೆ ಜಾಗ ಬದಲಾಯಿಸಿತು ಅಷ್ಟೇ. ಅಂಗಡಿಯ ಹುಡುಗ ‘ಯಾವ ಕ್ಯಾಸ್ಟ್ ಅಕ್ಕಾ?’ ಎಂದು ಸಾಲಿನಲ್ಲಿ ನಿಂತವರಿಗೆಲ್ಲಾ ಕೇಳುವಂತೆ ಕೂಗಬಾರದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಸ್ಕ್ರೀನ್ ಅವರ ಕಡೆ ತಿರುಗಿಸಿ, ನೀವೇ ಆರಿಸಿ ಎಂದರೆ ಆಯಿತು.

ಅಂಕಿಗಳು ಹೊರಬಂದ ಮೇಲೆ ಪಾಲು, ಕ್ಷೇತ್ರ, ಟಿಕೆಟಿನ ಮಾತು ಜೋರಾಗುತ್ತದೆ. ಆಗ ಬೀದಿಯಲ್ಲೂ ‘ನೀವು ಯಾರ ಪೈಕಿ’ ಜಾಸ್ತಿಯಾಗುವುದು ಸಹಜ. ಸರ್ಕಾರವೇ ಕೇಳುತ್ತದಲ್ಲ, ನಾವು ಕೇಳಿದರೆ ತಪ್ಪೇನು ಎಂಬ ಧೈರ್ಯವೂ ಬರುತ್ತದೆ. ಗಣತಿಯಲ್ಲಿ ಕೊಟ್ಟ ಉತ್ತರ ಲಕ್ಷಾಂತರ ಉತ್ತರಗಳ ಜೊತೆ ಕೂಡಿ ಒಂದು ಸಂಖ್ಯೆಯಾಗುತ್ತದೆ. ಗೇಟಿನ ಬಳಿ ಕೊಟ್ಟ ಉತ್ತರ ಆ ಹುಡುಗನ ಜೊತೆಗೇ ಮುಂದಿನ ಬೋರ್ಡಿನವರೆಗೆ ನಡೆದು ಹೋಗುತ್ತದೆ. ಮಾಲೀಕರಿಗೆ ಕೇಳಲು ಬೇಕಾದಷ್ಟಿದೆ: ಎಲ್ಲಿ ಕೆಲಸ, ಎಷ್ಟು ಜನ ಇರುತ್ತೀರಿ, ಆಧಾರ್ ಕಾಪಿ ಕೊಡಿ, ಬಾಡಿಗೆ ಐದನೇ ತಾರೀಖಿನೊಳಗೆ ಬರಬೇಕು. ಅಷ್ಟು ಕೇಳಿ ಕೀ ಕೊಡಬಹುದು.